ಅರಮನೆಗೆ ಒಂದು ದಿನ, ಕಲಿಯೋದಕ್ಕೆ ಮೂರು ತಿಂಗಳು

ನಮ್ಮ ಮನೆ ಮೈಸೂರಿನ ಗೋಕುಲಂನಲ್ಲಿದೆ. ಕೆಳಗೆ ನಾವಿಬ್ಬರು, ಮೇಲೆ ಎರಡು ರೂಮು. 2011ರಲ್ಲಿ ಮಗಳ ಮದುವೆಯಾದ ಮೇಲೆ ಮೇಲಿನ ಮನೆ ಖಾಲಿ ಬಿತ್ತು. ಆಗಿನಿಂದ ಅಲ್ಲಿ ವಿದೇಶಿಯರನ್ನು ಇರಿಸಿಕೊಳ್ಳುತ್ತಿದ್ದೇನೆ. ಒಂದು ರಾತ್ರಿ ಮಲಗಿ ಎದ್ದು ಹೋಗುವವರಲ್ಲ. ಕಮ್ಮಿ ಅಂದ್ರೆ ಒಂದು ತಿಂಗಳು ಇರುತ್ತಾರೆ. ಮೂರು ತಿಂಗಳು ಇದ್ದವರೂ ಬೇಕಾದಷ್ಟು ಜನ.

ಇದೇ ಊರಿಗೆ ಬರುವ ಬೇರೆ ವಿದೇಶಿ ಪ್ರವಾಸಿಗರನ್ನು ನೋಡಿ. ಬೆಳಿಗ್ಗೆ ಬೆಂಗಳೂರಿನಿಂದ ಕಾರಿನಲ್ಲಿ ಹೊರಡುತ್ತಾರೆ. ದಾರಿಯಲ್ಲಿ ಶ್ರೀರಂಗಪಟ್ಟಣ, ಮಧ್ಯಾಹ್ನ ಅರಮನೆ, ಸಂಜೆ ಚಾಮುಂಡಿ ಬೆಟ್ಟ, ರಾತ್ರಿ ವಾಪಸ್. ಇಲ್ಲವೇ ಒಂದು ರಾತ್ರಿ ಉಳಿದು ಬೆಳಿಗ್ಗೆ ಊಟಿ ಕಡೆಗೆ. ಊರು ಅದೇ, ಬಿಸಿಲು ಅದೇ, ರಸ್ತೆ ಅದೇ. ಒಬ್ಬರು ಹತ್ತು ಗಂಟೆ ಇರುತ್ತಾರೆ, ಇನ್ನೊಬ್ಬರು ತೊಂಬತ್ತು ದಿನ. ಪ್ರವಾಸಿಗರು ಜಾಸ್ತಿ ದಿನ ಉಳಿಯಬೇಕು ಅಂತ ಮಾತಾಡುವಾಗೆಲ್ಲ ನನಗೆ ಈ ಲೆಕ್ಕವೇ ನೆನಪಾಗುತ್ತದೆ.

ನೋಡೋಕೆ ಬಂದವರು ನೋಡಿ ಮುಗಿದ ಮೇಲೆ ಹೊರಡುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ನಮ್ಮ ಬಡಾವಣೆಗೆ ಬರುವವರು ಅಷ್ಟಾಂಗ ಯೋಗ ಕಲಿಯೋಕೆ ಬರುತ್ತಾರೆ. ಇದು ನಿನ್ನೆ ಮೊನ್ನೆ ಶುರುವಾದದ್ದಲ್ಲ. 1964ರಲ್ಲಿ ಬೆಲ್ಜಿಯಂನ ಆಂದ್ರೆ ವಾನ್ ಲಿಸಬೆತ್ ಎನ್ನುವವರು ಇದೇ ಊರಿನ ಲಕ್ಷ್ಮೀಪುರಂಗೆ ಬಂದು, ಯೋಗ ಗುರು ಪಟ್ಟಾಭಿ ಜೋಯಿಸರ ಹತ್ತಿರ ಎರಡು ತಿಂಗಳು ಕಲಿತರು. ಅವರು ಬರೆದದ್ದನ್ನು ಓದಿ ಯುರೋಪಿನಿಂದ ಇನ್ನಷ್ಟು ಜನ ಬಂದರು. ಲಕ್ಷ್ಮೀಪುರಂನ ಆ ಪುಟ್ಟ ಶಾಲೆಯಲ್ಲಿ ಒಂದು ಸಲಕ್ಕೆ ಹನ್ನೆರಡು ಜನರಿಗೆ ಮಾತ್ರ ಜಾಗ. 2002ರಲ್ಲಿ ಶಾಲೆ ಗೋಕುಲಂಗೆ ಬಂತು. ಆಮೇಲೆ ಈ ಬೀದಿಗಳ ಬದುಕೇ ಬದಲಾಯಿತು.

ಈ ಕಲಿಕೆಯ ಒಂದು ರೀತಿಯನ್ನು ಹೇಳಲೇಬೇಕು. ಇಲ್ಲಿ ಎಲ್ಲರಿಗೂ ಒಟ್ಟಿಗೆ ಒಂದೇ ಪಾಠ ಹೇಳಿಕೊಡುವುದಿಲ್ಲ. ಒಂದು ಆಸನ ಸರಿಯಾಗಿ ಬಂದ ಮೇಲೆ ಗುರುಗಳು ಮುಂದಿನದನ್ನು ಕೊಡುತ್ತಾರೆ. ಅದು ನಾಳೆ ಸಿಗಬಹುದು, ಮೂರು ವಾರ ಬಿಟ್ಟು ಸಿಗಬಹುದು. ಶನಿವಾರ ರಜ, ಅಮಾವಾಸ್ಯೆ ಹುಣ್ಣಿಮೆಗೂ ರಜ. ಸೇರಿಸಿಕೊಳ್ಳುವುದು ತಿಂಗಳ ಲೆಕ್ಕದಲ್ಲಿ. ಹಾಗಾಗಿ ವಾರಕ್ಕೆ ಬಂದು ಹೋಗೋದಕ್ಕೆ ಅರ್ಥವೇ ಇಲ್ಲ. ಇದನ್ನು ಪ್ರಪಂಚದ ಎಲ್ಲ ಕಡೆ 'ಮೈಸೂರು ಸ್ಟೈಲ್' ಅಂತಲೇ ಕರೆಯುತ್ತಾರೆ. ನಮ್ಮೂರಿನ ಹೆಸರು ಹೊತ್ತ ಒಂದು ಪಾಠ ಇಷ್ಟು ಜನರನ್ನು ಇಷ್ಟು ದಿನ ಹಿಡಿದಿಟ್ಟುಕೊಂಡಿದೆ ಅಂದ್ರೆ ನನಗೆ ತುಂಬ ಹೆಮ್ಮೆ.

ಆದರೆ ಕಲಿಕೆ ಎಷ್ಟೇ ಚೆನ್ನಾಗಿದ್ದರೂ ಇರೋ ಜಾಗ ಸರಿ ಇಲ್ಲದಿದ್ದರೆ ಯಾರೂ ನಿಲ್ಲುವುದಿಲ್ಲ. ನಾನು ಕಲಿತದ್ದು ಇಲ್ಲೇ.

ಮೊದಲನೆಯದು ಬಿಸಿನೀರು. ಕೆಲವರ ಸರದಿ ಬೆಳಗಿನ ಜಾವ ನಾಲ್ಕೂವರೆಗೆ. ಮೂರೂಮುಕ್ಕಾಲಿಗೆ ಏಳುತ್ತಾರೆ. ರಾತ್ರಿ ಎಲ್ಲರ ಸ್ನಾನ ಆದ ಮೇಲೆ ಸೋಲಾರ್ ನೀರು ಆ ಹೊತ್ತಿಗೆ ಉಗುರುಬೆಚ್ಚಗೂ ಇರುತ್ತಿರಲಿಲ್ಲ. ಡಿಸೆಂಬರ್ ಚಳಿಯಲ್ಲಿ ಒಬ್ಬ ಹುಡುಗಿ ಹದಿನೈದು ದಿನ ತಣ್ಣೀರು ಸ್ನಾನ ಮಾಡಿ, ಒಂದು ಮಾತೂ ಹೇಳದೆ ಬೇರೆ ಮನೆ ಹುಡುಕಿಕೊಂಡಳು. ಆಗ ಮೇಲೆ ಪ್ರತ್ಯೇಕ ಗೀಸರ್ ಹಾಕಿಸಿದೆವು.

ಎರಡನೆಯದು ಅಡುಗೆಮನೆ. ಶುರುವಿನಲ್ಲಿ ನಾನೇ ಮೂರು ಹೊತ್ತೂ ಬಡಿಸುತ್ತಿದ್ದೆ. ಅತಿಥಿಗಳಲ್ವಾ, ಚೆನ್ನಾಗಿ ನೋಡಿಕೊಳ್ಳಬೇಕು ಅಂತ. ಸ್ಪೇನಿನ ಒಬ್ಬ ಹುಡುಗಿ ಹತ್ತು ದಿನ ಇಡ್ಲಿ, ಅನ್ನ, ಸಾರು ಎಲ್ಲ ಖುಷಿಯಿಂದಲೇ ತಿಂದಳು. ಹನ್ನೊಂದನೇ ದಿನ ಮೆಟ್ಟಿಲ ಮೇಲೆ ಕೂತು ಮೆಲ್ಲಗೆ ಕೇಳಿದಳು: "ಆಂಟಿ, ನನಗೆ ಒಂದು ಒಲೆ ಸಿಗುತ್ತಾ?" ಮಾರನೇ ದಿನವೇ ಮೇಲೆ ಎರಡು ಬರ್ನರ್ ಒಲೆ, ಸಿಲಿಂಡರ್, ಚಿಕ್ಕ ಫ್ರಿಜ್, ನಾಲ್ಕು ಪಾತ್ರೆ ಇಟ್ಟುಕೊಟ್ಟೆ. ಆ ವಾರ ಅವಳು ಒಬ್ಬಳೇ ದೇವರಾಜ ಮಾರುಕಟ್ಟೆಗೆ ಹೋಗಿ, ಕೈಬೆರಳಲ್ಲೇ ಚೌಕಾಸಿ ಮಾಡಿ, ನಂಜನಗೂಡು ರಸಬಾಳೆಯ ಒಂದು ಚಿಪ್ಪು, ಒಂದು ಮೊಳ ಮಲ್ಲಿಗೆ ತಂದಳು. ಹೂವನ್ನು ನನ್ನ ಮುಡಿಗೆ ತಾನೇ ಸಿಕ್ಕಿಸಿದಳು. ಒಂದು ತಿಂಗಳಿಗೆ ಅಂತ ಬಂದವಳು ಎರಡೂವರೆ ತಿಂಗಳು ಇದ್ದಳು. ತನ್ನ ತರಕಾರಿಯನ್ನು ತಾನೇ ಕೊಂಡು, ತನ್ನ ಬಟ್ಟೆಯನ್ನು ತಾನೇ ಮಹಡಿಯಲ್ಲಿ ಒಣಹಾಕುವ ಹೊತ್ತಿಗೆ ಮನುಷ್ಯರಿಗೆ ಊರು ತಮ್ಮದಾಗುತ್ತದೆ. ಹೋಟೆಲಿನಲ್ಲಿ ಎಷ್ಟು ಉಪಚಾರ ಮಾಡಿದರೂ ಅದು ಆಗೋದಿಲ್ಲ.

ಮೂರನೆಯದು ಬಾಡಿಗೆ. ದಿನಕ್ಕಿಷ್ಟು ಅಂದ್ರೆ ಅವರು ದಿನ ಎಣಿಸುತ್ತಾರೆ. ತಿಂಗಳಿಗಿಷ್ಟು ಅಂದೆ. ಎರಡನೇ ತಿಂಗಳಿಗೆ ಸ್ವಲ್ಪ ಕಮ್ಮಿ, ಮೂರನೆಯದಕ್ಕೆ ಇನ್ನೂ ಸ್ವಲ್ಪ ಕಮ್ಮಿ. ನನಗೆ ನಷ್ಟವಿಲ್ಲ. ರೂಮು ಖಾಲಿ ಇರೋದಿಲ್ಲ, ವಾರವಾರ ಹೊಸಬರಿಗೆ ಎಲ್ಲ ಹೇಳಿಕೊಡೋ ಕೆಲಸವಿಲ್ಲ.

ದೇಶದ ಮಟ್ಟದಲ್ಲೂ ಇದೇ ಲೆಕ್ಕ ಹಾಕಿದವರಿದ್ದಾರೆ. ಕಾಂಬೋಡಿಯಾದ ಪುರಾತನ ದೇವಾಲಯಗಳ ಊರು ಅಂಕೋರ್‌ನಲ್ಲಿ ಒಂದು ದಿನದ ಟಿಕೆಟ್ 37 ಡಾಲರ್, ಮೂರು ದಿನಕ್ಕೆ 62, ಏಳು ದಿನಕ್ಕೆ 72. ಏಳು ದಿನದ ಟಿಕೆಟನ್ನು ಒಂದು ತಿಂಗಳ ಒಳಗೆ ಯಾವ ಏಳು ದಿನ ಬೇಕಾದರೂ ಬಳಸಬಹುದು. ಮೂರಕ್ಕೂ ಏಳಕ್ಕೂ ಹತ್ತೇ ಡಾಲರ್ ವ್ಯತ್ಯಾಸ. ಭೂತಾನ್ ಇನ್ನೂ ನೇರವಾಗಿ ಹೋಯಿತು. ಅಲ್ಲಿ ಭಾರತೀಯರನ್ನು ಬಿಟ್ಟು ಉಳಿದ ವಿದೇಶಿಯರಿಗೆ ದಿನಕ್ಕೆ 200 ಡಾಲರ್ ಶುಲ್ಕ ಇತ್ತು. 2023ರ ಜೂನ್‌ನಲ್ಲಿ, ನಾಲ್ಕು ದಿನಕ್ಕೆ ಕಟ್ಟಿದರೆ ಇನ್ನು ನಾಲ್ಕು ದಿನ ಪುಕ್ಕಟೆ, ಹನ್ನೆರಡು ದಿನಕ್ಕೆ ಕಟ್ಟಿದರೆ ಒಂದು ತಿಂಗಳು ಇರಬಹುದು ಅಂತ ಮಾಡಿದರು. ಆದರೂ ಅದೇ ಸೆಪ್ಟೆಂಬರಿನಲ್ಲಿ ಶುಲ್ಕವನ್ನೇ 100 ಡಾಲರಿಗೆ ಇಳಿಸಬೇಕಾಯಿತು. ನಮ್ಮ ಹಂಪಿಯಲ್ಲಿ ವಿದೇಶಿಯರಿಗೆ 600 ರೂಪಾಯಿ ಟಿಕೆಟ್. ವಿಠ್ಠಲ ದೇವಸ್ಥಾನ, ಕಮಲ ಮಹಲ್, ಕಮಲಾಪುರದ ಮ್ಯೂಸಿಯಂ ಎಲ್ಲ ಸೇರಿ, ಆದರೆ ಅವತ್ತೇ ನೋಡಿ ಮುಗಿಸಬೇಕು. ಹಂಪಿಯನ್ನು ಒಂದು ದಿನದಲ್ಲಿ ನೋಡಿ ಮುಗಿಸು ಅಂತ ನಾವೇ ಹೇಳಿ ಕಳಿಸಿದ ಹಾಗಾಯ್ತು. ನಮ್ಮ ಮನೆಯಿಂದ ಹೋದವರೆಲ್ಲ ಸುಸ್ತಾಗಿ ವಾಪಸ್ ಬರುತ್ತಾರೆ. ಈ ಒಂದು ನಿಯಮ ಬದಲಾದರೆ ಹೊಸಪೇಟೆ, ಆನೆಗೊಂದಿಯವರಿಗೆ ಎಷ್ಟು ಅನುಕೂಲ!

ದರ ಇಳಿಸಿದ್ದಷ್ಟೇ ಸಾಲದು ಅನ್ನೋದೂ ನನ್ನ ಅನುಭವ. ಐದನೇ ದಿನ ಬೆಳಿಗ್ಗೆ ಎದ್ದು ಏನು ಮಾಡಬೇಕು ಅಂತ ಗೊತ್ತಿಲ್ಲದಿದ್ದರೆ ಪುಕ್ಕಟೆ ರೂಮು ಕೊಟ್ಟರೂ ಇರೋದಿಲ್ಲ.

ಇನ್ನು ವೀಸಾ. ಇದರಲ್ಲಿ ಒಂದು ನೋವಿನ ಸಂಗತಿ ಇದೆ. ಜರ್ಮನಿಯಿಂದ ಬಂದ ಒಬ್ಬರು, ಐವತ್ತರ ಹತ್ತಿರದವರು. ಎರಡು ತಿಂಗಳು ಕಲಿಯಬೇಕು ಅಂತ ಕೆಲಸಕ್ಕೆ ರಜೆ ಹಾಕಿ ಬಂದಿದ್ದರು. ಅವಸರದಲ್ಲಿ 30 ದಿನದ ಇ-ವೀಸಾ ತೆಗೆದುಕೊಂಡಿದ್ದರು. ಇಲ್ಲಿ ಬಂದ ಮೇಲೆ ವಿಸ್ತರಿಸಬಹುದು ಅಂದುಕೊಂಡಿದ್ದರಂತೆ. ಅದು ಆಗೋದಿಲ್ಲ. ಇಪ್ಪತ್ತೊಂಬತ್ತನೇ ದಿನ ಚೀಲ ಕಟ್ಟಿಕೊಂಡು ಕಣ್ಣು ಒರೆಸಿಕೊಳ್ಳುತ್ತಾ ಹೊರಟರು. ಹೆಚ್ಚಿನ ಯುರೋಪಿನವರಿಗೆ ಜುಲೈನಿಂದ ಮಾರ್ಚ್ ತನಕ 30 ದಿನದ್ದಕ್ಕೆ 25 ಡಾಲರ್ ಇದ್ದರೆ, ಒಂದು ವರ್ಷದ್ದಕ್ಕೆ 40 ಡಾಲರ್. ಹದಿನೈದು ಡಾಲರ್ ವ್ಯತ್ಯಾಸ ಗೊತ್ತಿಲ್ಲದೆ ಒಂದು ತಿಂಗಳು ಹೋಯಿತು. ಆಗಿನಿಂದ ಯಾರು ರೂಮು ಕೇಳಿ ಬರೆದರೂ ನನ್ನ ಮೊದಲ ಪ್ರಶ್ನೆ ಇದೇ: "ಎಷ್ಟು ದಿನದ ವೀಸಾ ತಗೊಳ್ತಾ ಇದ್ದೀರಿ?"

ಬಂದ ಮೇಲೆ ಸರ್ಕಾರಕ್ಕೆ ಅತಿಥಿಯ ವಿವರ ಕೊಡುವ ಫಾರಂ, ಮೊದಲಿಂದ 'ಸಿ ಫಾರಂ' ಅಂತ ಕರೆಯೋದು. ಅತಿಥಿ ಬಂದ 24 ಗಂಟೆ ಒಳಗೆ ಪಾಸ್‌ಪೋರ್ಟ್, ವೀಸಾ ವಿವರಗಳನ್ನೆಲ್ಲ ಆನ್‌ಲೈನಿನಲ್ಲಿ ತುಂಬಬೇಕು. ಇದು ಕಾನೂನು, ನಾನು ಒಂದು ದಿನವೂ ತಪ್ಪಿಸಿಲ್ಲ. ಬಾಡಿಗೆಗೆ ಕೊಡುವ ಹೊಸಬರಿಗೂ ಹೇಳುತ್ತೇನೆ: ಕಾಫಿ ಕೊಡೋಕಿಂತ ಮುಂಚೆ ಪಾಸ್‌ಪೋರ್ಟಿನ ಫೋಟೋ ತಗೊಂಡುಬಿಡಿ.

ಆದರೆ ಅವರನ್ನು ದಿನಾ ಸುಸ್ತು ಮಾಡೋದು ಇದಲ್ಲ, ಫೋನು ಮತ್ತು ದುಡ್ಡು. ಒಂದು ಸಿಮ್ ಶುರುವಾಗಲು ಒಬ್ಬ ಹುಡುಗ ಎಂಟು ದಿನ ಅಂಗಡಿಗೆ ಅಲೆದ. ಇಲ್ಲಿನ ನಂಬರ್ ಇಲ್ಲದಿದ್ದರೆ ಓಟಿಪಿ ಇಲ್ಲ. ಓಟಿಪಿ ಇಲ್ಲದಿದ್ದರೆ ರೈಲಿನ ಟಿಕೆಟ್ ತೆಗೆಯೋದೂ ಕಷ್ಟ, ಊಟ ತರಿಸೋದೂ ಕಷ್ಟ. ಎಳನೀರಿನವರ ಗಾಡಿಯ ಮೇಲೂ ಈಗ ಕ್ಯೂಆರ್ ಕೋಡ್. ವಿದೇಶಿಯರಿಗೂ ಯುಪಿಐ ಕೊಡುವ ಕೆಲಸ 2023ರಲ್ಲಿ ಜಿ-20 ಹೊತ್ತಿಗೆ ಶುರುವಾಯಿತು, ಒಳ್ಳೆಯದೇ. ನಮ್ಮಲ್ಲಿಗೆ ಬರುವವರಲ್ಲಿ ಅದನ್ನು ಕೇಳಿ ತಿಳಿದವರು ಬೆರಳೆಣಿಕೆ. ಅವರಿಗೆ ಮೊದಲ ವಾರ ನಮ್ಮ ಯಜಮಾನರ ಫೋನೇ ಗತಿ. ರೈಲು, ಬಸ್ಸು ಎಲ್ಲ ಅವರೇ ಬುಕ್ ಮಾಡಿಕೊಡುತ್ತಾರೆ. ವಿಮಾನ ನಿಲ್ದಾಣದಿಂದ ಮೈಸೂರಿಗೆ ನೇರ ಫ್ಲೈಬಸ್ ಇರೋದು ದೊಡ್ಡ ಉಪಕಾರ. ರಾತ್ರಿ ಇಳಿದವರು ಬೆಂಗಳೂರಿನೊಳಗೆ ಹೋಗದೆ ಇಲ್ಲಿಗೇ ಬರುತ್ತಾರೆ.

ಹೀಗೆ ಉಳಿದವರ ದುಡ್ಡು ಎಲ್ಲಿಗೆ ಹೋಗುತ್ತದೆ ಅಂತ ನಾನು ಕಣ್ಣಾರೆ ನೋಡಿದ್ದೇನೆ. ಬೆಳಿಗ್ಗೆ ಅಭ್ಯಾಸ ಮುಗಿಸಿ ಎಳನೀರು, ಒಬ್ಬೊಬ್ಬರು ಎರಡೆರಡು. ಆಮೇಲೆ ದೋಸೆ. ಸ್ಕೂಟರ್ ಬಾಡಿಗೆ. ಮೂಲೆಯ ಟೈಲರ್ ಹತ್ತಿರ ಹತ್ತಿ ಬಟ್ಟೆಯ ಪೈಜಾಮ. ಇಸ್ತ್ರಿಯವರು, ಹೂವಿನವರು, ಆಟೋದವರು. ಒಂದು ದಿನದ ಪ್ರವಾಸಿ ಅರಮನೆಯ ಟಿಕೆಟಿಗೂ ದೊಡ್ಡ ಹೋಟೆಲಿಗೂ ಕೊಟ್ಟು ಹೋಗುತ್ತಾರೆ. ತಿಂಗಳು ಇದ್ದವರು ಬೀದಿಗೆ ಕೊಡುತ್ತಾರೆ. 2020ರ ಮಾರ್ಚಿನಲ್ಲಿ ಎಲ್ಲ ನಿಂತಾಗ ನಮ್ಮ ಬೀದಿಗೇ ಅದು ತಟ್ಟಿತು. ಮತ್ತೆ ಪ್ರವಾಸಿ ವೀಸಾ ಶುರುವಾದದ್ದು 2021ರ ನವೆಂಬರಿನಲ್ಲಿ. ಇನ್ನೊಂದು ಮುಖವನ್ನೂ ಹೇಳಬೇಕು. ಇವರಿಂದ ಗೋಕುಲಂನಲ್ಲಿ ಬಾಡಿಗೆ ಏರಿದೆ. ಸಂಬಳದ ಮೇಲೆ ಬದುಕುವ ನಮ್ಮೂರಿನ ಕುಟುಂಬಗಳಿಗೆ ಮನೆ ಸಿಗುವುದು ಕಷ್ಟವಾಗಿದೆ. ಎಲ್ಲರೂ ಒಂದೇ ಬಡಾವಣೆಗೆ ಬಂದರೆ ಹೀಗೇ ಆಗೋದು. ಬೇರೆ ಕಡೆಗಳಲ್ಲೂ ಬೇರೆ ಬೇರೆ ಕಲಿಕೆ ಸಿಗಬೇಕು.

ಇದು ನನ್ನ ತಲೆಗೆ ಬಂದದ್ದು ಇಟಲಿಯ ಒಬ್ಬಳಿಂದ. ಅವಳು ಅಲ್ಲಿ ಬಡಗಿ. ಯೋಗಕ್ಕೆ ಅಂತ ಬಂದವಳು ನಮ್ಮ ನಡುಮನೆಯ ಗೋಡೆಯಲ್ಲಿದ್ದ ಆನೆಯ ಚಿತ್ರದ ಮುಂದೆ ನಿಂತುಬಿಟ್ಟಳು. ಅದು ಮೈಸೂರಿನ ಇನ್‌ಲೇ ಕೆಲಸ, ನಮ್ಮ ಮದುವೆಗೆ ಬಂದ ಉಡುಗೊರೆ. ಬೆರಳಿಂದ ಸವರಿದಳು. "ಇದು ಬಣ್ಣ ಅಲ್ಲ, ಮರ!" ಅಂದಳು. ಅವಳನ್ನು ಕರೆದುಕೊಂಡು ಮಂಡಿ ಮೊಹಲ್ಲಾಗೆ ಹೋದೆ. ಒಬ್ಬ ಹಿರಿಯರು ಬೀಟೆ ಹಲಗೆಯ ಮೇಲೆ ಬಗ್ಗಿ ಕೂತಿದ್ದರು. ಹಲಗೆಯಲ್ಲಿ ಎಲೆಯಾಕಾರದ ತೆಳು ಗುಳಿ. ಅದೇ ಆಕಾರಕ್ಕೆ ಕೊಯ್ದ ಹಳದಿ ಮರದ ಚೂರನ್ನು ಅಂಟು ಹಚ್ಚಿ ಕೂರಿಸಿದರು. ಕೂದಲೆಳೆಯಷ್ಟೂ ಸಂದಿಲ್ಲ. ಇವಳು ಉಸಿರು ಬಿಗಿಹಿಡಿದು ನೋಡುತ್ತಿದ್ದಳು. ಕಲಿಸ್ತೀರಾ ಅಂತ ನಾನು ಕೇಳಿದೆ. ಅವರು ಕನ್ನಡಕ ತೆಗೆದು ಹೇಳಿದರು: "ಕಲಿಸೋಕೇನಮ್ಮ, ಕಲಿಸ್ತೀನಿ. ಅದಕ್ಕೆ ದುಡ್ಡು ಎಷ್ಟು ಕೇಳ್ಬೇಕು ಅಂತಾನೇ ನಂಗೆ ಗೊತ್ತಿಲ್ಲ. ಇದುವರೆಗೂ ಯಾರೂ ಕೇಳೇ ಇಲ್ಲ."

ದಿನಕ್ಕೆ ಮೂರು ಗಂಟೆಯ ಹಾಗೆ ಐದು ವಾರ ಕಲಿತಳು. ದಿನದ ಕೂಲಿ ಲೆಕ್ಕ ಹಾಕಿ ನಾವೇ ಒಂದು ಮೊತ್ತ ನಿಗದಿ ಮಾಡಿದೆವು. ಅವಳ ವಿಮಾನದ ಟಿಕೆಟ್ ಎರಡು ಸಲ ಮುಂದೆ ಹೋಯಿತು.

ಇದಕ್ಕೆ ಕಾನೂನಿನ ಅಡ್ಡಿ ಇದೆಯೋ ಅಂತ ಮೊದಲೇ ನೋಡಿದ್ದೆ. ಇಲ್ಲ. ನಮ್ಮ ಪ್ರವಾಸಿ ಇ-ವೀಸಾದಲ್ಲೇ ಅವಕಾಶವಿದೆ. ಯೋಗದ ಕಿರು ಶಿಬಿರ ಮಾತ್ರ ಅಲ್ಲ. ಊರಿನ ಭಾಷೆ, ಸಂಗೀತ, ನೃತ್ಯ, ಕರಕುಶಲ, ಅಡುಗೆ ಇವೆಲ್ಲವನ್ನೂ ಕಲಿಯಬಹುದು. ಆರು ತಿಂಗಳು ಮೀರಬಾರದು, ಪದವಿ ಡಿಪ್ಲೊಮಾ ಥರದ ಸರ್ಟಿಫಿಕೇಟ್ ಕೊಡಬಾರದು, ಅಷ್ಟೆ. ಥೈಲ್ಯಾಂಡ್ 2024ರ ಜುಲೈನಲ್ಲಿ ಐದು ವರ್ಷದ ಹೊಸ ವೀಸಾ ತಂದಿತು. ಒಂದು ಸಲಕ್ಕೆ 180 ದಿನ ಇರಬಹುದು. ಮುಯ್ ಥಾಯ್ ಬಾಕ್ಸಿಂಗ್, ಥಾಯ್ ಅಡುಗೆ ಕಲಿಯೋಕೆ ಬರುವವರಿಗೂ ಕೊಡುತ್ತೇವೆ ಅಂತ ಊರೆಲ್ಲ ಸಾರಿದರು. ನಮ್ಮ ಬಾಗಿಲೂ ತೆರೆದೇ ಇದೆ. ಹೇಳೋರಿಲ್ಲ. ಮೈಸೂರಿಗೆ ಬಂದ ವಿದೇಶಿಗೆ ವೀಣೆ ಎಲ್ಲಿ ಕಲಿಯಬಹುದು, ಗಂಜೀಫಾ ಇಸ್ಪೀಟೆಲೆಯ ಚಿತ್ರ ಯಾರು ಬರೆಯುತ್ತಾರೆ, ತಿಂಗಳಿಗೆ ಎಷ್ಟು ಶುಲ್ಕ ಅಂತ ಒಂದು ಹಾಳೆಯಲ್ಲಿ ಬರೆದು ಕೊಟ್ಟದ್ದನ್ನು ನಾನು ಈ ಹದಿನಾಲ್ಕು ವರ್ಷದಲ್ಲಿ ನೋಡಿಲ್ಲ.

ಹಾಗಾಗಿ ಆ ಹಾಳೆಯನ್ನು ನಾನೇ ಬರೆದೆ. ಮೇಲಿನ ರೂಮಿನ ಬಾಗಿಲ ಹಿಂದೆ ಅಂಟಿಸಿದ್ದೇನೆ. ಇನ್‌ಲೇಯ ಹಿರಿಯರು, ಎರಡನೇ ಅಡ್ಡರಸ್ತೆಯಲ್ಲಿ ಸಂಗೀತ ಹೇಳಿಕೊಡುವ ಟೀಚರ್, ಸಂಸ್ಕೃತದ ಮೇಷ್ಟ್ರು, ಮೈಸೂರು ಶೈಲಿಯ ಚಿತ್ರ ಬರೆಯುವ ಹುಡುಗ, ಸಾರಿನಪುಡಿ ಹುರಿಯೋದು ಕಲಿಸುವ ಪಕ್ಕದ ಮನೆ ಅಕ್ಕ. ಎಲ್ಲರನ್ನೂ ಕೇಳಿ, ವಾರಕ್ಕೆ ಎಷ್ಟು ದಿನ, ಎಷ್ಟು ದುಡ್ಡು ಅಂತ ಮುಂದೆ ಬರೆದಿದ್ದೇನೆ. ಅಕ್ಕಪಕ್ಕದ ನಾಲ್ಕು ಮನೆಯವರೂ ಜೆರಾಕ್ಸ್ ಮಾಡಿಸಿಕೊಂಡು ಹೋದರು. ಒಟ್ಟು ಹನ್ನೊಂದು ಹೆಸರಿತ್ತು.

ಕಳೆದ ವಾರ ಮೂಲೆಯಲ್ಲಿ ಹೂ ಮಾರುವ ಅಜ್ಜಿ ನನ್ನನ್ನು ತಡೆದು ನಿಲ್ಲಿಸಿದರು. "ನಿಮ್ಮನೆ ಬಿಳಿ ಹುಡ್ಗೀರು ಬಂದು ನನ್ನ ಕೈನೇ ನೋಡ್ತಾ ಕೂತ್ಕೊಳ್ತಾರೆ. ಹೂ ಕಟ್ಟೋದು ನಾನೂ ಹೇಳ್ಕೊಡ್ತೀನಿ ಕಣವ್ವ. ನನ್ನ ಹೆಸ್ರೂ ಬರ್ಕೊ" ಅಂದರು. ಮನೆಗೆ ಬಂದು ಹನ್ನೆರಡನೇ ಹೆಸರು ಬರೆದೆ.