ದನದ ಕೆಲಸದಿಂದ ಜ್ವರ ಅಂಟಿದರೆ ಪರಿಹಾರ ಕೇಳುವುದು ಹೇಗೆ?

ಬೀದರ್ ಸುತ್ತಲಿನ ಡೇರಿಗಳಲ್ಲಿ ಎಮ್ಮೆ ಕಂದು ಹಾಕಿದರೆ ಮಾಸು ತೆಗೆಯುವವರು ಕೂಲಿಯಾಳುಗಳೇ, ಅದೂ ಬರಿಗೈಯಲ್ಲಿ. ಕೆಲವು ವಾರಗಳ ನಂತರ ಬಿಟ್ಟು ಬಿಟ್ಟು ಜ್ವರ, ರಾತ್ರಿ ಬೆವರು, ಸೊಂಟ ಮತ್ತು ಕೀಲುಗಳಲ್ಲಿ ನೋವು ಕಾಣಿಸಿಕೊಳ್ಳಬಹುದು. ಟೈಫಾಯ್ಡ್ ಇರಬೇಕೆಂದು ಮಾತ್ರೆ ನುಂಗುತ್ತ ತಿಂಗಳುಗಳು ಕಳೆಯುತ್ತವೆ. ಅದು ದನಗಳಿಂದ ಅಂಟುವ ಬ್ರುಸೆಲ್ಲೋಸಿಸ್ ಆಗಿದ್ದರೆ ಮಾಲೀಕ ಪರಿಹಾರ ಕೊಡಬೇಕಾಗುತ್ತದೆ. ಇದು ಗೊತ್ತಿಲ್ಲದೆ ಬಡವರು ಸಾಲ ಮಾಡಿ ಆಸ್ಪತ್ರೆಗೆ ಕಟ್ಟುವುದು ಅನ್ಯಾಯ.

1923ರ ನೌಕರರ ಪರಿಹಾರ ಕಾಯ್ದೆಯ ಮೂರನೇ ಅನುಸೂಚಿಯಲ್ಲಿ ಸೋಂಕು ರೋಗಗಳಿಗೆ ಜಾಗವಿದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಅದು ಮುಂದುವರಿದಿದೆ. ಅಲ್ಲಿ ಪಟ್ಟಿ ಮಾಡಿರುವುದು ಕೆಲಸಗಳನ್ನು: ಆಸ್ಪತ್ರೆ, ಪ್ರಯೋಗಾಲಯ, ಪಶುವೈದ್ಯಕೀಯ, ಪ್ರಾಣಿಗಳನ್ನೂ ಅವುಗಳ ಕಳೇಬರವನ್ನೂ ಮುಟ್ಟುವ ಕೆಲಸ, ಸೋಂಕಿನ ವಿಶೇಷ ಅಪಾಯವಿರುವ ಇತರ ಕೆಲಸ. ಹಾಗಾಗಿ ವಾರ್ಡ್‌ನಲ್ಲಿ ಕ್ಷಯ ಅಂಟಿಸಿಕೊಂಡ ನರ್ಸ್ ಕೂಡ ಇದೇ ದಾರಿ ಹಿಡಿಯಬಹುದು. ಇಂಥ ಕೆಲಸದಲ್ಲಿದ್ದವರಿಗೆ ಆ ಕೆಲಸಕ್ಕೇ ಸಂಬಂಧಿಸಿದ ಸೋಂಕು ತಗುಲಿದರೆ, ಅದು ಕೆಲಸದಿಂದಲೇ ಬಂದಿತೆಂದು ಕಾನೂನು ಭಾವಿಸುತ್ತದೆ. ಅಲ್ಲವೆಂದು ತೋರಿಸುವ ಹೊಣೆ ಮಾಲೀಕನದು. ‘ಮನೆಯಲ್ಲಿ ಹಸಿ ಹಾಲು ಕುಡಿದಿರಬೇಕು’ ಎಂದು ಬಾಯಿಮಾತಿನಲ್ಲಿ ಹೇಳಿದರೆ ಸಾಲದು, ಪುರಾವೆ ಕೊಡಬೇಕು. ಆರು ತಿಂಗಳು ದುಡಿದಿರಬೇಕೆಂಬ ಷರತ್ತೂ ಈ ಗುಂಪಿನ ರೋಗಗಳಿಗಿಲ್ಲ.

ಮೊದಲ ಹೆಜ್ಜೆ ವೈದ್ಯರ ಚೀಟಿ. ಏನು ಕೆಲಸ ಮಾಡುತ್ತೀರಿ, ಯಾವ ದನ ಯಾವಾಗ ಕಂದು ಹಾಕಿತು ಎಂದು ವೈದ್ಯರಿಗೆ ಹೇಳಿ, ಅದನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಬ್ರುಸೆಲ್ಲಾಗೆ ರಕ್ತಪರೀಕ್ಷೆ ಕೇಳಿ. ಆ ದನದ ಪರೀಕ್ಷೆಯೂ ಆಗಿದ್ದರೆ ವರದಿಯ ಪ್ರತಿ ಪಡೆಯಿರಿ. ಅದಕ್ಕಿಂತ ಗಟ್ಟಿ ಸಾಕ್ಷಿ ಬೇರೆ ಸಿಗುವುದು ಕಷ್ಟ.

ಹೊರಗುತ್ತಿಗೆಯವರು ಸೋಲುವುದು ಹೆಚ್ಚಾಗಿ ಒಂದೇ ಕಡೆ: ತಾವು ಅಲ್ಲಿ ದುಡಿದದ್ದಕ್ಕೆ ಕಾಗದವಿರುವುದಿಲ್ಲ. ಬ್ಯಾಂಕ್ ಪಾಸ್‌ಬುಕ್, ಪಿಎಫ್ ಸಂಖ್ಯೆ, ಹಾಜರಿ ಪುಸ್ತಕದ ಫೋಟೊ, ಮೇಸ್ತ್ರಿ ಕಳಿಸಿದ ವಾಟ್ಸ್‌ಆ್ಯಪ್ ಸಂದೇಶ ಎಲ್ಲವನ್ನೂ ಜೋಪಾನ ಮಾಡಿ. ಗುತ್ತಿಗೆದಾರ ಕೈಚೆಲ್ಲಿದರೂ ಮೂಲ ಮಾಲೀಕನಿಂದ ಪರಿಹಾರ ಕೇಳಬಹುದು. ಪರಿಹಾರ ಕೇಳುವುದಿಲ್ಲವೆಂದು ಮೊದಲೇ ಬರೆಸಿಕೊಂಡ ಮುಚ್ಚಳಿಕೆಗೆ ಬೆಲೆಯಿಲ್ಲ.

ನಂತರ ಮಾಲೀಕನಿಗೆ ಲಿಖಿತ ನೋಟಿಸ್ ಕೊಡಿ. ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಇಂಥ ರೋಗವನ್ನೂ ಕಾನೂನು ಅಪಘಾತವೆಂದೇ ಎಣಿಸುವುದರಿಂದ, ಕಾಯಿಲೆಯಿಂದ ಸತತವಾಗಿ ಕೆಲಸಕ್ಕೆ ಹೋಗಲಾಗದ ಮೊದಲ ದಿನವನ್ನೇ ಅಪಘಾತದ ದಿನವೆಂದು ಲೆಕ್ಕ ಹಿಡಿಯುತ್ತಾರೆ. ಅಲ್ಲಿಂದ ಎರಡು ವರ್ಷದೊಳಗೆ, ಪರಿಹಾರ ತೀರ್ಮಾನಿಸುವ ಸಕ್ಷಮ ಅಧಿಕಾರಿಗೆ ಅರ್ಜಿ ಸಲ್ಲಿಸಬೇಕು.

ಇಎಸ್ಐ (ಕಾರ್ಮಿಕರ ರಾಜ್ಯ ವಿಮೆ) ಕಾರ್ಡ್ ಇದ್ದವರ ದಾರಿ ಬೇರೆ. ಅವರು ಮಾಲೀಕನ ಮೇಲೆ ಅರ್ಜಿ ಹಾಕುವಂತಿಲ್ಲ, ಇಎಸ್ಐ ನಿಗಮದಿಂದಲೇ ಪಡೆಯಬೇಕು. ಸಾಮಾನ್ಯ ಕಾಯಿಲೆ ಎಂದು ದಾಖಲಾದರೆ ಕೂಲಿಯ ಶೇ 70 ಸಿಗುತ್ತದೆ, ಔದ್ಯೋಗಿಕ ರೋಗವೆಂದು ತೀರ್ಮಾನವಾದರೆ ಶೇ 90. ಕಲಬುರಗಿಯ ಸೇಡಂ ರಸ್ತೆಯ ಇಎಸ್ಐ ಆಸ್ಪತ್ರೆಗೆ ಹೋದಾಗ ಮೊದಲ ದಿನವೇ ಕೆಲಸದ ವಿವರ ಬರೆಸುವುದು ಇದಕ್ಕಾಗಿ.

ಇಎಸ್ಐ ಇಲ್ಲದವರು ತಾತ್ಕಾಲಿಕವಾಗಿ ಮಲಗಿದರೆ ಪ್ರತಿ ಅರ್ಧ ತಿಂಗಳಿಗೆ ತಿಂಗಳ ಕೂಲಿಯ ಶೇ 25 ಬರಬೇಕು. ಸಾವು ಸಂಭವಿಸಿದರೆ ತಿಂಗಳ ಕೂಲಿಯ ಅರ್ಧವನ್ನು ವಯಸ್ಸಿನ ಗುಣಕದಿಂದ ಗುಣಿಸುತ್ತಾರೆ. 40 ವರ್ಷದವರ ಗುಣಕ 184.17, ಕೂಲಿ 12,000 ರೂಪಾಯಿ ಇದ್ದರೆ ಕುಟುಂಬಕ್ಕೆ 11,05,020 ರೂಪಾಯಿ. ಒಂದು ತಿಂಗಳು ಮೀರಿ ತಡಮಾಡಿದರೆ ವರ್ಷಕ್ಕೆ ಶೇ 12 ಬಡ್ಡಿ ಸೇರುತ್ತದೆ.

ವಕೀಲರ ಶುಲ್ಕಕ್ಕೆ ಹೆದರಬೇಡಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯದ ಮಿತಿಯಿಲ್ಲದೆ ಉಚಿತ ನೆರವು ಸಿಗುತ್ತದೆ; ಸಹಾಯವಾಣಿ 15100. ಯಾದಗಿರಿಯಿಂದ ಹೈದರಾಬಾದ್‌ಗೋ ಪುಣೆಗೋ ದುಡಿಯಲು ಹೋಗಿ ಕಾಯಿಲೆ ಹೊತ್ತು ಮರಳಿದವರು ಅಲ್ಲಿಗೆ ಅಲೆಯಬೇಕಿಲ್ಲ. ತಾವು ವಾಸವಿರುವ ಜಿಲ್ಲೆಯಲ್ಲೇ ಅರ್ಜಿ ಹಾಕಬಹುದು.