ಖಾನಾಪುರದ ಕಾಡಲ್ಲಿ ದೊಡ್ಡ ಪಾತರಗಿತ್ತಿ ಗುರುತಿಸೋದು ಹೇಗೆ?

ನಮ್ಮ ರಾಜ್ಯ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ನೋಡಬೇಕಂದ್ರೆ ಕೊಡಗಿಗೇ ಹೋಗಬೇಕಿಲ್ಲ. ಕೇರಳದಿಂದ ಗೋವಾ ದಾಟಿ ಮಹಾರಾಷ್ಟ್ರದ ದಕ್ಷಿಣ ತುದಿಯವರೆಗಿನ ಪಶ್ಚಿಮ ಘಟ್ಟದಲ್ಲಿ ಇದು ಹಾರಾಡುತ್ತದೆ, ಖಾನಾಪುರ ತಾಲ್ಲೂಕಿನ ಕಾಡೂ ಅದೇ ಸಾಲಿನಲ್ಲಿದೆ. ಬೆಳಗಾವಿಯಿಂದ ಜಾಂಬೋಟಿ, ಕಣಕುಂಬಿ ರಸ್ತೆ ಹಿಡಿಯಿರಿ.

ಮೊದಲು ಹೊತ್ತು ನೋಡಿಕೊಳ್ಳಿ. ಮಳೆಗಾಲದಲ್ಲಿ ಮತ್ತು ಮಳೆ ಬಿಟ್ಟ ಹೊಸತರಲ್ಲಿ ಇವು ಜಾಸ್ತಿ. ಬೆಳಿಗ್ಗೆ ಬಿಸಿಲು ಏರುವಾಗ ಕಾಡಂಚಿನ ಲಂಟಾನ ಪೊದೆಯ ಹತ್ತಿರ ಸುಮ್ನೆ ನಿಂತುಬಿಡಿ. ಹೂವಿಗೆ ಇಳಿದಾಗ ಮಾತ್ರ ಹತ್ತಿರದಿಂದ ಸಿಗುತ್ತದೆ, ಉಳಿದಂತೆ ಮರದ ತುದಿಯ ಮೇಲೆ ನಿಧಾನಕ್ಕೆ ತೇಲುತ್ತಿರುತ್ತದೆ. ಹಾಗಾಗಿ ಆಗಾಗ ತಲೆ ಎತ್ತಿ ನೋಡೋದು ಮರೀಬೇಡಿ.

ಆಮೇಲೆ ಗಾತ್ರ. ಬಿಚ್ಚಿದ ರೆಕ್ಕೆ ಈ ತುದಿಯಿಂದ ಆ ತುದಿಗೆ 14ರಿಂದ 19 ಸೆಂಟಿಮೀಟರ್! ಮೊದಲ ಸಲ ನೋಡಿದವರು ಹಕ್ಕಿ ಅಂದುಕೊಳ್ಳೋದು ಸಹಜ. ಭಾರತದ ಅತಿ ದೊಡ್ಡ ಚಿಟ್ಟೆ ಎಂಬ ದಾಖಲೆ 2020ರವರೆಗೂ ಇದರದ್ದೇ ಆಗಿತ್ತು, ಆ ವರ್ಷ ಉತ್ತರಾಖಂಡದಲ್ಲಿ ಅಳೆದ ಗೋಲ್ಡನ್ ಬರ್ಡ್‌ವಿಂಗ್ ಹೆಣ್ಣು ಬರೀ 4 ಮಿಲಿಮೀಟರಿನಿಂದ ಅದನ್ನು ಮುರಿಯಿತು.

ಈಗ ಬಣ್ಣ, ಇದೇ ಮುಖ್ಯ. ಮುಂದಿನ ರೆಕ್ಕೆ ಕಪ್ಪು. ಹಿಂದಿನ ರೆಕ್ಕೆ ಅರಿಶಿನದಂಥ ಹಳದಿ, ಸುತ್ತ ಕಪ್ಪು ಅಂಚು, ಬಾಲ ಇಲ್ಲ. ಕುತ್ತಿಗೆಯ ಬಳಿ ಕೆಂಪು. ಹಳದಿಯೊಳಗೆ ಕಪ್ಪು ಚುಕ್ಕಿಗಳ ಸಾಲು ಇದ್ದರೆ ಹೆಣ್ಣು, ಹಳದಿ ಖಾಲಿ ಇದ್ದರೆ ಗಂಡು. ಮಕರಂದ ಹೀರುವಾಗಲೂ ಮುಂದಿನ ರೆಕ್ಕೆ ಪಟಪಟ ಅಂತಲೇ ಇರುತ್ತದೆ, ಆದ್ದರಿಂದ ಕಣ್ಣು ಹಿಂದಿನ ರೆಕ್ಕೆ ಮೇಲಿಡಿ.

ಬಾಗಲಕೋಟೆ, ವಿಜಯಪುರದ ಓದುಗರೇ, ನಿಮ್ಮ ಬಯಲಲ್ಲಿ ಇದು ಸಿಗೋದಿಲ್ಲ. ಇದಕ್ಕೆ ಒದ್ದೆ ಕಾಡು ಬೇಕು, ಮರಿಹುಳುವಿಗೆ ಈಶ್ವರಿ ಬಳ್ಳಿಯ ಜಾತಿಯ ಎಲೆ ಬೇಕು. ಆ ಎಲೆಯ ವಿಷವನ್ನು ಹುಳು ಮೈಯಲ್ಲಿ ಕೂಡಿಟ್ಟುಕೊಳ್ಳುತ್ತದೆ, ಅದಕ್ಕೇ ಹಕ್ಕಿಗಳು ದೂರ. ನಿಮ್ಮ ಕಡೆ ಕಾಣೋ ದೊಡ್ಡ ಕಪ್ಪು ಚಿಟ್ಟೆಗೆ ಕೆಂಪು ಮೈ, ಮುಂದಿನ ರೆಕ್ಕೆಯಲ್ಲಿ ಬಿಳಿ ಪಟ್ಟಿ, ಹಿಂದೆ ಬಾಲ ಇದ್ದರೆ ಅದು ಕ್ರಿಮ್ಸನ್ ರೋಸ್. ಅದರ ಮರಿಗಳೂ ಇದೇ ಬಳ್ಳಿ ತಿಂದು ಬೆಳೆಯೋದು, ಬೇಲಿಯಲ್ಲಿ ಹಬ್ಬಿದ್ದರೆ ದಯವಿಟ್ಟು ಕೀಳಬೇಡಿ.