ಕುಂಕುಮ ಅಳಿಸಿಕೊಳ್ಳುವ ಮೊದಲು: ಅಮೆರಿಕದಲ್ಲಿ ಕೆಲಸಕ್ಕೆ ಸೇರುತ್ತಿರುವವರಿಗೆ

ನ್ಯೂಜೆರ್ಸಿಗೆ ಬಂದು ಇಪ್ಪತ್ತು ವರ್ಷ ದಾಟಿತು. ಊರಿನಿಂದ ಹೊಸದಾಗಿ ಬಂದವರು ಕೆಲಸಕ್ಕೆ ಸೇರುವ ವಾರ ಫೋನ್ ಮಾಡುತ್ತಾರೆ. ಬಾಡಿಗೆ, ತೆರಿಗೆ, ಇನ್ಶೂರೆನ್ಸ್ ಎಲ್ಲ ಕೇಳಿ ಮುಗಿದ ಮೇಲೆ, ಫೋನ್ ಇಡುವ ಹೊತ್ತಿಗೆ ಒಂದು ಪ್ರಶ್ನೆ ಬರುತ್ತದೆ: "ಅಕ್ಕಾ, ಆಫೀಸಿಗೆ ಕುಂಕುಮ ಇಟ್ಕೊಂಡು ಹೋಗಬಹುದಾ? ಕರಿಮಣಿ ಒಳಗೆ ಹಾಕ್ಕೊಳ್ಬೇಕಾ?" ಗಂಡುಮಕ್ಕಳು ಜುಟ್ಟಿನ ಬಗ್ಗೆ, ಮೀಸೆಯ ಬಗ್ಗೆ, ಕೈಗೆ ಕಟ್ಟಿದ ದಾರದ ಬಗ್ಗೆ ಕೇಳುತ್ತಾರೆ.

ಇಟ್ಟುಕೊಂಡು ಹೋಗಬಹುದು. ಆದರೆ ಇಷ್ಟು ಹೇಳಿ ಬಿಟ್ಟರೆ ಯಾರಿಗೂ ಸಮಾಧಾನವಾಗುವುದಿಲ್ಲ. ನನಗೂ ಆಗಿರಲಿಲ್ಲ.

ಮೊದಲ ಕೆಲಸಕ್ಕೆ ಸೇರಿದಾಗ ನಾನು ದಿನಾ ಬೆಳಿಗ್ಗೆ ಪಾರ್ಕಿಂಗ್ ಜಾಗದಲ್ಲಿ ಕಾರಿನ ಕನ್ನಡಿ ನೋಡಿಕೊಂಡು ಕುಂಕುಮ ಒರೆಸಿಕೊಳ್ಳುತ್ತಿದ್ದೆ. ಅತ್ತೆ ಮನೆಯಲ್ಲಿದ್ದರು, ಹಾಗಾಗಿ ಸಂಜೆ ಅದೇ ಕನ್ನಡಿಯಲ್ಲಿ ಮತ್ತೆ ಇಟ್ಟುಕೊಳ್ಳುತ್ತಿದ್ದೆ. ಎರಡು ವರ್ಷ ಹೀಗೇ ನಡೆಯಿತು. ಕಂಪನಿಯಲ್ಲಿ ಯಾರೂ ಒರೆಸಿಕೋ ಎಂದಿರಲಿಲ್ಲ. ಹೇಳಿದ್ದು ನಮ್ಮವರೇ ಆದ ಒಬ್ಬ ಹಿರಿಯ ಮಹಿಳೆ: "ಇಲ್ಲಿ ಹೊಂದಿಕೊಂಡು ಹೋಗ್ಬೇಕಮ್ಮಾ, ಎದ್ದು ಕಾಣಬಾರದು." ಬಹಳ ದಿನದ ಮೇಲೆ, ಯಾಕೆ ಹಾಗೆ ಹೇಳಿದಿರಿ ಎಂದು ಅವರನ್ನೇ ಕೇಳಿದೆ. 1987ರಲ್ಲಿ ಅವರು ಜೆರ್ಸಿ ಸಿಟಿಯಲ್ಲಿದ್ದರಂತೆ. ಆ ವರ್ಷ 'ಡಾಟ್‌ಬಸ್ಟರ್ಸ್' ಎಂದು ಹೆಸರಿಟ್ಟುಕೊಂಡ ಗುಂಪೊಂದು, ಭಾರತೀಯರನ್ನು ಆ ಊರಿನಿಂದ ಓಡಿಸುತ್ತೇವೆ ಎಂದು ಸ್ಥಳೀಯ ಪತ್ರಿಕೆಗೆ ಕಾಗದ ಬರೆಯಿತು. ಹೆಸರಿನಲ್ಲಿದ್ದ 'ಡಾಟ್' ನಮ್ಮ ಹೆಂಗಸರ ಹಣೆಯ ಬೊಟ್ಟು. ಅದೇ ವರ್ಷ ಪಕ್ಕದ ಹೊಬೋಕನ್‌ನಲ್ಲಿ ಭಾರತೀಯರೊಬ್ಬರನ್ನು ಹೊಡೆದು ಕೊಂದರು. ಆಗ ಬಸ್ ಹತ್ತುವ ಮುಂಚೆ ಬೊಟ್ಟು ತೆಗೆದವರು ಮತ್ತೆ ಇಡಲಿಲ್ಲ. ಆ ಭಯ ಬುದ್ಧಿಮಾತಾಗಿ ನನ್ನವರೆಗೆ ಬಂದಿತ್ತು. ಆ ಹಿರಿಯ ಮಹಿಳೆಯ ಮೇಲೆ ನನಗೆ ಸಿಟ್ಟಿಲ್ಲ, ಅವರು ಜೀವ ಉಳಿಸಿಕೊಳ್ಳುವ ದಾರಿಯನ್ನೇ ನನಗೂ ಕಲಿಸಿದರು. ಆದರೆ ನನ್ನ ಆಫೀಸಿನಲ್ಲಿ ಅಂಥ ಗುಂಪು ಇರಲಿಲ್ಲ, ಅಂಥ ನಿಯಮವೂ ಇರಲಿಲ್ಲ.

ಅದಕ್ಕೇ ನಾನು ಹೊಸಬರಿಗೆ ಹೇಳುವುದು ಇಷ್ಟು. ಏನನ್ನಾದರೂ ತೆಗೆಯುವ, ಕತ್ತರಿಸುವ, ಮುಚ್ಚುವ ಮೊದಲು ಎರಡು ವಿಷಯ ಕೇಳಿಕೊಳ್ಳಿ: ಇದನ್ನು ಯಾರು ಹೇಳಿದರು? ಎಲ್ಲಿ ಬರೆದಿದೆ? ಆಫರ್ ಲೆಟರ್ ಜೊತೆಗೋ ಮೊದಲ ದಿನವೋ ಕಂಪನಿಯ ನಿಯಮಗಳಿರುವ ಎಂಪ್ಲಾಯೀ ಹ್ಯಾಂಡ್‌ಬುಕ್ ಕೊಡುತ್ತಾರೆ. ಡ್ರೆಸ್ ಕೋಡ್ ಇದ್ದರೆ ಅದರಲ್ಲೇ ಇರುತ್ತದೆ. ಕೂತು ಓದಿ.

ಕಾನೂನು ಎಲ್ಲಿ ನಿಲ್ಲುತ್ತದೆ ಎಂಬುದೂ ಗೊತ್ತಿರಲಿ. 1964ರ ಸಿವಿಲ್ ರೈಟ್ಸ್ ಆಕ್ಟ್‌ನ 'ಟೈಟಲ್ ಸೆವೆನ್' ಭಾಗ 15 ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳಿಗೆ ಅನ್ವಯಿಸುತ್ತದೆ. ಜನಾಂಗ, ಬಣ್ಣ, ಧರ್ಮ, ಲಿಂಗ, ಮೂಲ ದೇಶ, ಈ ಕಾರಣಗಳಿಗಾಗಿ ಭೇದ ಮಾಡುವಂತಿಲ್ಲ. ನ್ಯೂಜೆರ್ಸಿಯಲ್ಲಿ 1945ರಿಂದಲೇ ರಾಜ್ಯದ್ದೇ ಕಾನೂನಿದೆ, ಅದು ಸಣ್ಣ ಸಂಸ್ಥೆಗಳನ್ನೂ ಬಿಡುವುದಿಲ್ಲ. ಧರ್ಮದ ಭಾಗವಾಗಿ ನೀವು ಧರಿಸುವ ವಸ್ತುವಿಗೆ ಕಂಪನಿ ಅನುಕೂಲ ಮಾಡಿಕೊಡಬೇಕು. ಕೊಡಲಾಗದು ಎಂದರೆ, ಅದರಿಂದ ವ್ಯವಹಾರಕ್ಕೆ ಗಣನೀಯ ಹೊರೆಯಾಗುತ್ತದೆ ಎಂದು ತೋರಿಸಬೇಕು. 2023ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹೀಗೆ ಸ್ಪಷ್ಟಪಡಿಸಿತು. ಪಕ್ಕದ ಸೀಟಿನವರಿಗೆ ನಿಮ್ಮ ಧರ್ಮ ಇಷ್ಟವಿಲ್ಲ ಎಂಬುದು ಹೊರೆಯಲ್ಲ.

2015ರ ಇನ್ನೊಂದು ತೀರ್ಪನ್ನು ನಮ್ಮವರು ತಿಳಿದಿರಲೇಬೇಕು. ಅಬರ್‌ಕ್ರಾಂಬಿ ಅಂಡ್ ಫಿಚ್ ಬಟ್ಟೆ ಅಂಗಡಿಯ ಸಂದರ್ಶನಕ್ಕೆ ಮುಸ್ಲಿಂ ಹುಡುಗಿಯೊಬ್ಬಳು ತಲೆವಸ್ತ್ರ ಧರಿಸಿ ಹೋಗಿದ್ದಳು. ಕಂಪನಿಯ 'ಲುಕ್ ಪಾಲಿಸಿ'ಗೆ, ಅಂದರೆ ಕೆಲಸಗಾರರು ಹೇಗೆ ಕಾಣಬೇಕೆಂಬ ನಿಯಮಕ್ಕೆ, ಹೊಂದುವುದಿಲ್ಲ ಎಂದು ಕೆಲಸ ಕೊಡಲಿಲ್ಲ. ಅದು ಧರ್ಮಕ್ಕಾಗಿ ಧರಿಸಿದ್ದು ಎಂದು ಅವಳು ಹೇಳಿರಲಿಲ್ಲವಲ್ಲ ಎಂಬುದು ಕಂಪನಿಯ ವಾದ. ಕೋರ್ಟ್ ಒಪ್ಪಲಿಲ್ಲ. ಧರ್ಮಕ್ಕೆ ಅನುಕೂಲ ಮಾಡಿಕೊಡುವುದನ್ನು ತಪ್ಪಿಸಿಕೊಳ್ಳಲೆಂದೇ ಕೆಲಸ ನಿರಾಕರಿಸಿದರೆ ಸಾಕು, ಅದು ಭೇದವೇ ಎಂದಿತು. ಹಾಗಿದ್ದರೂ ನನ್ನ ಸಲಹೆ, ನೀವೇ ಬಾಯಿಬಿಟ್ಟು ಹೇಳಿ. ಯಾರಾದರೂ ತಕರಾರು ತೆಗೆದರೆ ಎಚ್‌ಆರ್‌ಗೆ (ಸಿಬ್ಬಂದಿ ವಿಭಾಗಕ್ಕೆ) ಎರಡೇ ಸಾಲಿನ ಇಮೇಲ್ ಸಾಕು: ಇದು ನನ್ನ ಧಾರ್ಮಿಕ ಆಚರಣೆಯ ಭಾಗ, ಕೆಲಸದ ವೇಳೆಯಲ್ಲೂ ಧರಿಸಲು ಅನುಕೂಲ ಮಾಡಿಕೊಡಿ. ಕ್ಷಮೆ ಕೇಳಬೇಡಿ, ಪುರಾಣವನ್ನೂ ಬರೆಯಬೇಡಿ.

ಕುಂಕುಮ, ಕರಿಮಣಿ, ಜುಟ್ಟು, ಜನಿವಾರ, ಲಿಂಗದ ಕರಡಿಗೆ, ಇವನ್ನೆಲ್ಲ ಶ್ರದ್ಧೆಯಿಂದ ಧರಿಸುವವರು ಹಾಗೆ ಹೇಳಬಹುದು. ಸೀರೆ, ಕುರ್ತಾಗಳ ಮಾತು ಬೇರೆ, ಅವನ್ನು ಧರ್ಮದ ಲೆಕ್ಕಕ್ಕೆ ಸೇರಿಸಲು ಹೋಗಬೇಡಿ. ಅವಕ್ಕೆ ಬೇರೆ ಆಧಾರವಿದೆ. ಟೈಟಲ್ ಸೆವೆನ್ ಅನ್ನು ಜಾರಿ ಮಾಡುವ ಕೇಂದ್ರ ಸಂಸ್ಥೆ ಇಇಒಸಿ, ತನ್ನ ವಿವರಣೆಯಲ್ಲಿ ಭಾರತೀಯ ಉಡುಪನ್ನೇ ಉದಾಹರಣೆ ಕೊಟ್ಟಿದೆ: ಮಿಕ್ಕವರಿಗೆ ಕ್ಯಾಶುಯಲ್ ಬಟ್ಟೆಗೆ ಅವಕಾಶ ಕೊಟ್ಟು ಇಂಥ ಉಡುಪನ್ನು ಮಾತ್ರ ತಡೆದರೆ, ಅದು ಮೂಲ ದೇಶದ ಕಾರಣಕ್ಕೆ ಮಾಡಿದ ಭೇದ. ಜೀನ್ಸ್ ನಡೆಯುವ ಆಫೀಸಿನಲ್ಲಿ ಚೂಡಿದಾರವೂ ನಡೆಯಬೇಕು. ಎಲ್ಲರೂ ಸೂಟ್ ಹಾಕಲೇಬೇಕು ಎಂಬ ನಿಯಮವಿದ್ದರೆ ಈ ವಾದ ಅಷ್ಟು ಗಟ್ಟಿಯಲ್ಲ. ಫ್ಯಾಷನ್ನಿಗೆ ಹಾಕಿಸಿಕೊಂಡ ಹಚ್ಚೆ, ನೀಲಿ ಹಸಿರು ಬಣ್ಣದ ಕೂದಲು, ಇವಕ್ಕೆ ಸಾಮಾನ್ಯವಾಗಿ ಕೇಂದ್ರ ಕಾನೂನಿನ ರಕ್ಷಣೆ ಇಲ್ಲ.

ಇನ್ನು ಕೆಲವು ಕಡೆ ನಿಯಮ ನಿಜಕ್ಕೂ ನಿಯಮವೇ. ಎಂಆರ್‌ಐ ಕೋಣೆಯಲ್ಲಿ ಕೆಲಸ ಮಾಡುವವರು ಮೈಮೇಲಿನ ಲೋಹ ಹೊರಗಿಟ್ಟೇ ಒಳಗೆ ಹೋಗಬೇಕು. ಕಂಪ್ಯೂಟರ್ ಚಿಪ್ ತಯಾರಿಸುವ, ಧೂಳು ನುಸುಳಬಾರದ ಕ್ಲೀನ್‌ರೂಮಿನಲ್ಲಿ ಪುಡಿ ಕುಂಕುಮದ ಒಂದು ಕಣವೂ ಸಮಸ್ಯೆ, ಅಲ್ಲಿ ಯಾರೂ ಪೌಡರ್ ಕೂಡ ಹಚ್ಚಿಕೊಳ್ಳುವಂತಿಲ್ಲ. ಮುಖಕ್ಕೆ ಬಿಗಿಯಾಗಿ ಕೂರುವ ರೆಸ್ಪಿರೇಟರ್ ಮಾಸ್ಕ್ ಹಾಕುವ ಕೆಲಸವಾದರೆ, ಅದರ ಅಂಚು ಕೂರುವ ಜಾಗದಲ್ಲಿ ಗಡ್ಡ ಇರುವಂತಿಲ್ಲ. ಇಂಥ ಕಡೆ ಹಟ ಬೇಡ, ಆದರೆ ಪರ್ಯಾಯ ಕೇಳಿ. ತಲೆ ಪೂರ್ತಿ ಮುಚ್ಚಿ ಮೋಟರ್‌ನಿಂದ ಗಾಳಿ ಕೊಡುವ, ಗಡ್ಡವಿದ್ದರೂ ಹಾಕಬಹುದಾದ ಮುಸುಕುಗಳಿವೆ. ಶಿಫ್ಟ್ ಮುಗಿಯುವವರೆಗೆ ಕರಿಮಣಿಯನ್ನು ಇಡಲು ಬೀಗದ ಪೆಟ್ಟಿಗೆ ಕೇಳಬಹುದು.

ಇಷ್ಟೆಲ್ಲ ಹೇಳಿದರೂ, ಕಾನೂನಿಗೆ ಸಿಗದ ಒತ್ತಡವೇ ಹೆಚ್ಚು. ಯಾರೂ ಏನೂ ಹೇಳುವುದಿಲ್ಲ. ಊಟದ ಮೇಜಿನಲ್ಲಿ ನಿಮ್ಮ ಪಕ್ಕದ ಕುರ್ಚಿ ಖಾಲಿ ಉಳಿಯುತ್ತದೆ, ಇಲ್ಲವೇ ಕ್ಲೈಂಟ್ ಮೀಟಿಂಗಿಗೆ ಬೇರೆಯವರು ಹೋಗುತ್ತಾರೆ. ಅದು ನಿಮ್ಮ ಬೊಟ್ಟಿನಿಂದಲೋ, ನೀವು ಹೊಸಬರಾದ್ದರಿಂದಲೋ ತಿಳಿಯುವುದಿಲ್ಲ, ಮತ್ತು ಹಾಗೆ ತಿಳಿಯದಿರುವುದೇ ಮನಸ್ಸನ್ನು ತಿನ್ನುತ್ತದೆ. ಎಚ್-1ಬಿ ಎಂಬ ಕೆಲಸದ ವೀಸಾದ ಮೇಲೆ ಬಂದವರಿಗೆ ಇನ್ನೂ ಕಷ್ಟ. ಕೆಲಸ ಹೋದರೆ ಬೇರೆ ಕೆಲಸ ಹುಡುಕಲು ಸಿಗುವುದು ಹೆಚ್ಚೆಂದರೆ 60 ದಿನ. ಅಂಥವರಿಗೆ ಮೊದಲ ತಿಂಗಳೇ ಹೋರಾಡಿ ಎಂದು ನಾನು ಹೇಳುವುದಿಲ್ಲ. ಕೆಲಸ ಗಟ್ಟಿಯಾಗುವವರೆಗೆ ಕಾಯುತ್ತೇನೆ ಎನ್ನುವುದೂ ನಿಮ್ಮ ತೀರ್ಮಾನವೇ, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ನಮ್ಮ ಕಡೆಯ ಒತ್ತಡವನ್ನೂ ಹೇಳದೆ ಹೋದರೆ ತಪ್ಪಾಗುತ್ತದೆ. ಕುಂಕುಮ ಇಡದೆ ಬಂದ ಹುಡುಗಿಗೆ ಕನ್ನಡ ಕೂಟದಲ್ಲಿ "ಏನಮ್ಮಾ, ಹಣೆ ಬೋಳು, ಅಮೆರಿಕ ಹತ್ತಿಬಿಡ್ತಾ?" ಎನ್ನುವವರು ನಮ್ಮಲ್ಲೇ ಇದ್ದಾರೆ. ಆಫೀಸಿನಲ್ಲಿ ತೆಗೆ ಅನ್ನುವುದು, ಕೂಟದಲ್ಲಿ ಹಾಕು ಅನ್ನುವುದು, ಎರಡೂ ಒಂದೇ ಹುಡುಗಿಯ ಹಣೆಯ ಮೇಲೆ. ಕುಂಕುಮ ಬೇಡ ಎನಿಸಿದವಳಿಗೆ ಬೇಡ ಎನ್ನುವ ಹಕ್ಕೂ ಇದೆ. ಹಿರಿಯರು ದಯವಿಟ್ಟು ಬಾಯಿ ಬಿಗಿ ಹಿಡಿಯಿರಿ.

ಒಂದು ಸಂದರ್ಭಕ್ಕೆ ಮೊದಲೇ ಸಿದ್ಧರಾಗಿ. ತಂದೆಯೋ ತಾಯಿಯೋ ತೀರಿಕೊಂಡು ಊರಿಗೆ ಹೋಗಿ, ತಲೆ ಮೀಸೆ ಬೋಳಿಸಿಕೊಂಡು ಮರಳುವವರಿಗೆ ಆಫೀಸಿನಲ್ಲಿ ದೊಡ್ಡ ಮುಜುಗರ ಕಾದಿರುತ್ತದೆ. ಕ್ಯಾನ್ಸರ್ ಚಿಕಿತ್ಸೆಯೇನೋ ಎಂದು ಜನ ಹೆದರುತ್ತಾರೆ, ಕೇಳಲಾರದೆ ದೂರ ಸರಿಯುತ್ತಾರೆ. ದುಃಖದಲ್ಲಿರುವಾಗ ಹತ್ತು ಜನರಿಗೆ ಹತ್ತು ಸಲ ವಿವರಿಸಲು ಯಾರಿಗೆ ಶಕ್ತಿ ಇರುತ್ತದೆ? ಮರಳುವ ಹಿಂದಿನ ದಿನ ಮ್ಯಾನೇಜರಿಗೆ ಬರೆಯಿರಿ: ನಮ್ಮ ಸಂಪ್ರದಾಯದಲ್ಲಿ ಮಗ ತಲೆ ಬೋಳಿಸಿಕೊಳ್ಳುತ್ತಾನೆ, ತಂಡದವರಿಗೆ ನೀವೇ ತಿಳಿಸಿದರೆ ಉಪಕಾರ. ನಮ್ಮ ಮನೆಯವರು ಹಾಗೆ ಮಾಡಿದಾಗ ತಂಡದವರೆಲ್ಲ ಸೇರಿ ಸಹಿ ಹಾಕಿದ ಕಾರ್ಡ್ ಮೇಜಿನ ಮೇಲಿತ್ತು.

ಬಟ್ಟೆಯ ವಾಸನೆಯ ವಿಷಯ ಚುಟುಕಾಗಿ: ಚಳಿಗಾಲದ ಕೋಟನ್ನು ಅಡುಗೆಮನೆಯ ಪಕ್ಕ ನೇತುಹಾಕಬೇಡಿ, ಒಗ್ಗರಣೆ ಅದರಲ್ಲಿ ವಾರಗಟ್ಟಲೆ ನಿಲ್ಲುತ್ತದೆ. ಗಾಳಿಯಾಡದ ಕೋಣೆಯಲ್ಲಿ ಹತ್ತು ಜನರೊಂದಿಗೆ ಕೂರುವವರು ಪಾಲಿಸುವ ಸೌಜನ್ಯ ಇದು, ತನ್ನತನ ಬಿಟ್ಟುಕೊಟ್ಟಂತೆ ಅಲ್ಲ.

ಮಾತು ಮಿತಿ ಮೀರಿ, ಬೊಟ್ಟನ್ನೋ ಉಚ್ಚಾರಣೆಯನ್ನೋ ಮತ್ತೆ ಮತ್ತೆ ಆಡಿಕೊಂಡರೆ, ಅದೇ ದಿನ ಬರೆದಿಡಿ: ತಾರೀಖು, ಯಾರು, ಅವರ ಮಾತು ಇದ್ದ ಹಾಗೆ, ಹತ್ತಿರ ಯಾರಿದ್ದರು. ಆಫೀಸಿನ ಲ್ಯಾಪ್‌ಟಾಪಿನಲ್ಲಿ ಬೇಡ, ಮನೆಯ ನೋಟ್‌ಬುಕ್ಕಿನಲ್ಲಿ. ಆಮೇಲೆ ಎಚ್‌ಆರ್‌ಗೆ ಬರಹದಲ್ಲೇ ತಿಳಿಸಿ. ಇಇಒಸಿಗೆ ದೂರು ಕೊಡಲು ಸಾಮಾನ್ಯವಾಗಿ 180 ದಿನ, ನ್ಯೂಜೆರ್ಸಿಯಂತೆ ಸ್ವಂತ ಕಾನೂನು, ಸ್ವಂತ ಕಚೇರಿ ಇರುವ ರಾಜ್ಯಗಳಲ್ಲಿ 300 ದಿನ. ಆದರೆ ನ್ಯೂಜೆರ್ಸಿಯ ರಾಜ್ಯ ಕಚೇರಿಗೇ ಹೋಗುವುದಾದರೆ 180 ದಿನವೇ. ವೀಸಾದ ಮೇಲಿದ್ದರೂ ಈ ರಕ್ಷಣೆ ಇದೆ. ದೂರು ಕೊಟ್ಟ ತಪ್ಪಿಗೆ ಶಿಕ್ಷಿಸಿದರೆ ಅದೇ ಇನ್ನೊಂದು ಕಾನೂನು ಉಲ್ಲಂಘನೆ. ಕೆಲಸದಿಂದ ತೆಗೆಯುವಾಗ ಹಣ ಕೊಟ್ಟು ಸಹಿ ಕೇಳಿದರೆ, ವಕೀಲರಿಗೆ ತೋರಿಸದೆ ಸಹಿ ಹಾಕಬೇಡಿ. ಆ ಕಾಗದದಲ್ಲಿ ಸಾಮಾನ್ಯವಾಗಿ ಇನ್ನು ಮೊಕದ್ದಮೆ ಹೂಡುವುದಿಲ್ಲ ಎಂಬ ಸಾಲೂ ಇರುತ್ತದೆ.